ಪದ ಸಿಕ್ಕಿತು, ಅರ್ಥ ಸಿಕ್ಕಿತೇ? ಪದಗಳ ಆಟದಿಂದ ಮಕ್ಕಳು ಕಲಿಯುವ ಬಗೆ

ಕೆಲವು ವರ್ಷಗಳ ಹಿಂದೆ ಏಳನೇ ತರಗತಿಯ ಮಕ್ಕಳಿಗೆ ಪದ ಹುಡುಕಾಟದ ಒಂದು ಹಾಳೆ ಕೊಟ್ಟಿದ್ದೆ. ಹತ್ತು ಅಡ್ಡ ಸಾಲು, ಹತ್ತು ಉದ್ದ ಸಾಲು. ಅದರೊಳಗೆ ಹನ್ನೆರಡು ಪದಗಳು ಅಡಗಿದ್ದವು. ಎಲ್ಲವೂ ಆ ವಾರದ ಪಾಠದಲ್ಲಿ ಬಂದ ಹೊಸ ಪದಗಳೇ. ಹದಿನೈದು ನಿಮಿಷವೂ ಆಗಿರಲಿಲ್ಲ, ಒಬ್ಬ ಹುಡುಗಿ ಎದ್ದು ಬಂದು ಹಾಳೆ ಕೊಟ್ಟಳು. ಹನ್ನೆರಡೂ ಪದಗಳ ಸುತ್ತ ಅಂದವಾಗಿ ಗೆರೆ ಎಳೆದಿದ್ದಳು. ನನಗೆ ಖುಷಿಯಾಯಿತು. ‘ಅನಿವಾರ್ಯ ಅಂದ್ರೆ ಏನಮ್ಮಾ?’ ಎಂದು ಕೇಳಿದೆ. ಅವಳು ಹಾಳೆ ನೋಡಿದಳು, ನನ್ನ ಮುಖ ನೋಡಿದಳು. ‘ಅದು ಆರನೇ ಸಾಲಲ್ಲಿದೆ ಮಿಸ್’ ಎಂದಳು.

ಅವಳದೇನೂ ತಪ್ಪಿರಲಿಲ್ಲ. ಪದ ಎಲ್ಲಿದೆ ಎಂದಷ್ಟೇ ಆ ಹಾಳೆ ಕೇಳಿತ್ತು. ಅವಳು ಸರಿಯಾಗಿಯೇ ಹುಡುಕಿದ್ದಳು. ಅರ್ಥದ ಗೊಡವೆಯೇ ಇಲ್ಲದೆ ಮುಗಿಸಬಹುದಾದ ಕೆಲಸ ಕೊಟ್ಟು, ಅರ್ಥವೂ ಬಂದಿರುತ್ತದೆ ಎಂದು ನಾನು ನಂಬಿಕೊಂಡಿದ್ದೆ.

ಪದಗಳ ಆಟ ಆಡಿದರೆ ಮಕ್ಕಳ ಪದ ಸಂಪತ್ತು ಬೆಳೆಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಬೆಳೆಯುತ್ತದೆ, ನಿಜ. ಆದರೆ ಎಲ್ಲ ಆಟದಿಂದಲೂ ಅಲ್ಲ. ಆಟ ಗೆಲ್ಲಬೇಕಾದರೆ ಮಗು ಪದದ ಅರ್ಥವನ್ನು ಮುಟ್ಟಲೇಬೇಕೇ, ಅಥವಾ ಮುಟ್ಟದೆಯೂ ಗೆಲ್ಲಬಹುದೇ? ಯಾವ ಪದದ ಆಟವನ್ನಾದರೂ ಈ ಒಂದು ಪ್ರಶ್ನೆ ಕೇಳಿ ತೂಗಿ ನೋಡಬಹುದು. ಆರರಿಂದ ಎಂಟನೇ ತರಗತಿಯ ಮಕ್ಕಳಿಗಂತೂ ಇದು ಬಹಳ ಮುಖ್ಯ.

ಈ ವಯಸ್ಸೇ ಏಕೆ?

ಮೊದಲ ಮೂರು-ನಾಲ್ಕು ವರ್ಷ ಮಕ್ಕಳು ಓದುವುದನ್ನು ಕಲಿಯುತ್ತಾರೆ. ಆಗ ಪುಸ್ತಕದಲ್ಲಿ ಬರುವ ಪದಗಳಲ್ಲಿ ಹೆಚ್ಚಿನವು ಅವರು ಆಗಲೇ ಕಿವಿಯಲ್ಲಿ ಕೇಳಿದ ಪದಗಳು. ‘ಮರ’ ಎಂದು ಓದಲು ಬಂದರೆ ಸಾಕು, ಮರ ಎಂದರೇನು ಎಂದು ಯಾರೂ ಹೇಳಬೇಕಿಲ್ಲ. ಆಮೇಲೆ ಆಟ ತಿರುಗುತ್ತದೆ. ಈಗ ಓದಿ ಕಲಿಯಬೇಕು. ಪುಸ್ತಕದಲ್ಲಿ ಬರುವ ಎಷ್ಟೋ ಪದಗಳು ಮನೆಯ ಮಾತಿನಲ್ಲಿ ಬರುವುದೇ ಇಲ್ಲ. ಮಗು ಗಟ್ಟಿಯಾಗಿ, ತಪ್ಪಿಲ್ಲದೆ ಓದುತ್ತದೆ. ಓದಿದ್ದು ಏನು ಎಂದು ಕೇಳಿದರೆ ಸುಮ್ಮನಾಗುತ್ತದೆ.

ಇಲ್ಲಿ ಎರಡು ಬಗೆಯ ಪದಗಳನ್ನು ಬೇರೆ ಮಾಡಿ ನೋಡಬೇಕು. ಒಂದು, ಆಯಾ ವಿಷಯದ ಪದಗಳು. ದ್ಯುತಿಸಂಶ್ಲೇಷಣೆ, ತ್ರಿಜ್ಯ, ಸಾಂದ್ರತೆ ಇಂಥವು. ಇವು ಕಷ್ಟ ಅನ್ನಿಸಿದರೂ ನನಗೆ ಇವುಗಳ ಚಿಂತೆ ಕಡಿಮೆ. ಪಾಠ ಮಾಡುವವರು ನಿಂತು, ಚಿತ್ರ ಬರೆದು ಇವನ್ನು ವಿವರಿಸುತ್ತಾರೆ. ಎರಡನೆಯ ಗುಂಪು ಬೇರೆ. ಅವಲಂಬಿಸು, ಸಮರ್ಥಿಸು, ಪರಿಣಾಮ, ನಿರ್ಲಕ್ಷಿಸು, ಅನಿವಾರ್ಯ, ಹಿಂಜರಿ. ಇವು ಎಲ್ಲ ಪಾಠಗಳಲ್ಲೂ ಬರುತ್ತವೆ, ಯಾರ ಪಾಠದ ಪದಗಳೂ ಅಲ್ಲ. ಹಾಗಾಗಿ ಯಾರೂ ನಿಂತು ಹೇಳುವುದಿಲ್ಲ. ‘ಪ್ರಾಣಿಗಳು ಸಸ್ಯಗಳನ್ನು ಅವಲಂಬಿಸಿವೆ’ ಎಂಬ ಸಾಲಿನಲ್ಲಿ ಪ್ರಾಣಿ ಗೊತ್ತು, ಸಸ್ಯ ಗೊತ್ತು. ಇಡೀ ಸಾಲಿನ ತಿರುಳು ಇರುವ ಪದವೇ ಗೊತ್ತಿಲ್ಲ. ಪರೀಕ್ಷೆಯಲ್ಲಿ ‘ಈ ಹೇಳಿಕೆಯನ್ನು ಸಮರ್ಥಿಸಿ’ ಎಂದಿರುತ್ತದೆ. ಮಗುವಿಗೆ ಉತ್ತರ ಗೊತ್ತಿರುತ್ತದೆ, ಪ್ರಶ್ನೆ ಏನು ಕೇಳುತ್ತಿದೆ ಎಂದು ಗೊತ್ತಿರುವುದಿಲ್ಲ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅಮೆರಿಕದ ಇಸಬೆಲ್ ಬೆಕ್ ಮತ್ತು ಮಾರ್ಗರೆಟ್ ಮೆಕ್‌ಕಿಯೋನ್ ಎಂಬ ಸಂಶೋಧಕರು ಪದಗಳನ್ನು ಮೂರು ಹಂತ ಮಾಡಿ ನೋಡಿದರು. ಮೊದಲನೆಯದು ದಿನಬಳಕೆಯ ಪದಗಳು, ಮೂರನೆಯದು ಆಯಾ ವಿಷಯದ ಪದಗಳು. ನಡುವಿನ ಹಂತದಲ್ಲಿರುವುದು ನಾನು ಮೇಲೆ ಹೇಳಿದ ಎರಡನೆಯ ಗುಂಪು. ಕಲಿಸುವ ಶ್ರಮ ಹೆಚ್ಚಾಗಿ ಈ ನಡುವಿನ ಪದಗಳ ಮೇಲೆ ಬೀಳಬೇಕು ಎನ್ನುವುದು ಅವರ ವಾದ. ಪದಗಳ ಆಟಕ್ಕೆ ಪದ ಆರಿಸುವಾಗಲೂ ಈ ಮಾತು ಹೊಂದುತ್ತದೆ. ಪಾಠದ ಕೊನೆಯಲ್ಲಿರುವ ಪದಗಳ ಪಟ್ಟಿಯನ್ನು ಹಾಗೇ ಎತ್ತಿಕೊಳ್ಳುವುದು ಸುಲಭ. ಆದರೆ ಮಗು ಎಡವುವ ಪದ ಅಲ್ಲಿ ಇರದೇ ಹೋಗಬಹುದು.

ಪದ ‘ಗೊತ್ತು’ ಎನ್ನುವುದರಲ್ಲೂ ಮೆಟ್ಟಿಲುಗಳಿವೆ. ಎಲ್ಲೋ ಕೇಳಿದ ಹಾಗಿದೆ ಎನ್ನುವುದು ಮೊದಲನೆಯದು. ಸಾಲಿನಲ್ಲಿ ಕಂಡರೆ ಅಂದಾಜಾಗುತ್ತದೆ ಎನ್ನುವುದು ಅದರ ಮೇಲಿನದು. ಕೇಳಿದರೆ ಹೇಳಬಲ್ಲೆ ಎನ್ನುವುದು ಇನ್ನೂ ಮೇಲೆ. ಬೇಕಾದಾಗ ತಾನಾಗಿ ಬಾಯಿಗೆ ಬರುವುದು ಕೊನೆಯದು. ಒಂದೇ ಸಲ ಹೇಳಿಕೊಟ್ಟರೆ ಮಗು ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತದೆ. 1985ರಲ್ಲಿ ಮೆಕ್‌ಕಿಯೋನ್ ಮತ್ತು ಜೊತೆಯವರು ನಾಲ್ಕನೇ ತರಗತಿಯ ಮಕ್ಕಳಿಗೆ ಕೆಲವು ಪದಗಳನ್ನು 4 ಸಲ, ಕೆಲವನ್ನು 12 ಸಲ ಎದುರಾಗುವಂತೆ ಕಲಿಸಿ ನೋಡಿದರು. 12 ಸಲ ಎದುರಾದ ಪದಗಳು ಹೆಚ್ಚು ಗಟ್ಟಿಯಾಗಿದ್ದವು. ಒಂದೇ ಪದವನ್ನು ಹನ್ನೆರಡು ಸಲ ಹೇಳಿದರೆ ಮಕ್ಕಳಿಗೆ ಬೇಜಾರಾಗುತ್ತದೆ, ಅಲ್ವಾ? ಆಟ ಬೇಕಾಗುವುದೇ ಇಲ್ಲಿ. ಅದೇ ಪದ ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ಎದುರಾಗಬೇಕು.

ತಲೆಯೊಳಗೆ ಏನಾಗುತ್ತದೆ?

1975ರಲ್ಲಿ ಫರ್ಗಸ್ ಕ್ರೇಕ್ ಮತ್ತು ಎಂಡೆಲ್ ಟಲ್ವಿಂಗ್ ಎಂಬ ಮನೋವಿಜ್ಞಾನಿಗಳು ಪ್ರಯೋಗಗಳ ಒಂದು ಸರಣಿಯನ್ನು ಪ್ರಕಟಿಸಿದರು. ಜನರಿಗೆ ಒಂದೊಂದೇ ಪದ ತೋರಿಸುವುದು, ಪ್ರತಿ ಪದಕ್ಕೂ ಒಂದು ಪ್ರಶ್ನೆ ಕೇಳುವುದು. ಕೆಲವು ಪದಗಳಿಗೆ, ಇದು ದೊಡ್ಡ ಅಕ್ಷರದಲ್ಲಿದೆಯೇ ಎಂಬ ಪ್ರಶ್ನೆ. ಕೆಲವಕ್ಕೆ, ಇದು ಇಂಥ ಪದದ ಜೊತೆ ಪ್ರಾಸವಾಗುತ್ತದೆಯೇ ಎಂಬ ಪ್ರಶ್ನೆ. ಇನ್ನು ಕೆಲವಕ್ಕೆ, ಇದು ಈ ವಾಕ್ಯದಲ್ಲಿ ಕೂರುತ್ತದೆಯೇ ಎಂಬ ಪ್ರಶ್ನೆ. ನೆನಪಿಟ್ಟುಕೊಳ್ಳಿ ಎಂದು ಯಾರೂ ಹೇಳಿರಲಿಲ್ಲ. ಆಮೇಲೆ ನೋಡಿದರೆ, ಅರ್ಥದ ಪ್ರಶ್ನೆ ಕೇಳಿದ ಪದಗಳೇ ಜಾಸ್ತಿ ನೆನಪಿನಲ್ಲಿದ್ದವು. ಆಕಾರದ ಪ್ರಶ್ನೆ ಕೇಳಿದವು ಬಹುಪಾಲು ಮರೆತುಹೋಗಿದ್ದವು.

ಈಗ ಆ ಹುಡುಗಿಯ ಹಾಳೆಯನ್ನು ಮತ್ತೆ ನೋಡಿ. ಪದ ಹುಡುಕಾಟದಲ್ಲಿ ಕಣ್ಣು ‘ಅ’ ಎಲ್ಲಿದೆ, ಪಕ್ಕದಲ್ಲಿ ‘ನಿ’ ಇದೆಯೇ ಎಂದು ನೋಡುತ್ತಾ ಹೋಗುತ್ತದೆ. ಅದು ಆಕಾರದ ಕೆಲಸ. ಅಕ್ಷರ ಪಲ್ಲಟದಲ್ಲಿ, ಅಂದರೆ ಕಲಸಿಟ್ಟ ಅಕ್ಷರಗಳನ್ನು ಜೋಡಿಸುವ ಆಟದಲ್ಲಿ, ಸದ್ದು ಮತ್ತು ಕಾಗುಣಿತದ ಕೆಲಸ ನಡೆಯುತ್ತದೆ. ಪದಬಂಧದಲ್ಲಿ ಹಾಗಲ್ಲ. ಅಲ್ಲಿ ಪದ ಕಣ್ಣೆದುರು ಇಲ್ಲವೇ ಇಲ್ಲ. ಇರುವುದು ಅರ್ಥದ ಸುಳಿವು ಮಾತ್ರ. ಅರ್ಥದಿಂದ ಹೊರಟು ಪದವನ್ನು ತಲೆಯೊಳಗಿಂದ ಎಳೆದು ತರಬೇಕು.

ಈ ಎಳೆದು ತರುವುದರಲ್ಲೇ ಇನ್ನೊಂದು ಲಾಭವಿದೆ. 1978ರಲ್ಲಿ ನಾರ್ಮನ್ ಸ್ಲಾಮೆಕಾ ಮತ್ತು ಪೀಟರ್ ಗ್ರಾಫ್ ಇದನ್ನು ಚೆನ್ನಾಗಿ ತೋರಿಸಿದರು. ಕೆಲವರಿಗೆ ಪದಗಳ ಜೋಡಿಯನ್ನು ಪೂರ್ತಿ ಬರೆದು ಓದಲು ಕೊಟ್ಟರು. ಕೆಲವರಿಗೆ ಎರಡನೇ ಪದದ ಮೊದಲ ಅಕ್ಷರ ಮಾತ್ರ ಕೊಟ್ಟು, ಉಳಿದದ್ದನ್ನು ನೀವೇ ಹೇಳಿ ಎಂದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಬ್ಬರಿಗೆ ‘ಹಗಲು – ರಾತ್ರಿ’, ಇನ್ನೊಬ್ಬರಿಗೆ ‘ಹಗಲು – ರಾ...’ ಎಂದು ಕೊಟ್ಟ ಹಾಗೆ. ತಾವಾಗಿ ಹುಟ್ಟಿಸಿದ ಪದಗಳು ಸುಮ್ನೆ ಓದಿದ ಪದಗಳಿಗಿಂತ ಹೆಚ್ಚು ನೆನಪಿನಲ್ಲಿ ಉಳಿದವು. ಒಂದೆರಡು ಅಕ್ಷರ ತುಂಬಿದ ಪದಬಂಧದ ಸಾಲು ಮಾಡುವುದೂ ಇದನ್ನೇ.

2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಮಾಡಿದ ಪ್ರಯೋಗವೂ ಇಲ್ಲಿ ನೆನಪಾಗುತ್ತದೆ. ಕಾಲೇಜು ವಿದ್ಯಾರ್ಥಿಗಳು ಒಂದು ಪಾಠ ಓದಿದರು. ಕೆಲವರು ಮತ್ತೆ ಅದನ್ನೇ ಓದಿದರು, ಕೆಲವರು ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷಿಸಿದರೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಪರೀಕ್ಷಿಸಿದರೆ ಲೆಕ್ಕ ತಿರುಗಿತು. ಪುಸ್ತಕ ಮುಚ್ಚಿ ನೆನಪಿಸಿಕೊಂಡವರು ಮುಂದೆ ಬಂದರು. ಪಾಠ ಮುಗಿದ ದಿನವೇ ಪದಬಂಧ ಕೊಡಬೇಡಿ, ಮೂರು-ನಾಲ್ಕು ದಿನ ಬಿಟ್ಟು ಕೊಡಿ ಎಂದು ನಾನು ಹೇಳುವುದು ಇದಕ್ಕೇ. ಸ್ವಲ್ಪ ಮರೆತಿರಬೇಕು. ತಿಣುಕಬೇಕು. ಆ ತಿಣುಕಾಟದಲ್ಲೇ ಪದ ಗಟ್ಟಿಯಾಗುತ್ತದೆ.

ಹಾಗೆಂದು ಪದಬಂಧ ಹೊಸ ಪದವನ್ನು ಕಲಿಸುತ್ತದೆ ಎಂದುಕೊಳ್ಳಬಾರದು. ಒಮ್ಮೆಯೂ ಕಾಣದ ಪದವನ್ನು ತಲೆಯೊಳಗಿಂದ ತರಲು ಯಾರಿಗೂ ಆಗದು. ಮೊದಲ ಭೇಟಿ ಕಥೆಯಲ್ಲಿ, ಮಾತಿನಲ್ಲಿ, ಪಾಠದಲ್ಲಿ ಆಗಿರಬೇಕು. ಎರಡನೆಯ, ಐದನೆಯ, ಹತ್ತನೆಯ ಭೇಟಿಗೆ ಆಟ.

ಕನ್ನಡದ ಚೌಕಕ್ಕೆ ತನ್ನದೇ ಗುಣವಿದೆ

ಪದಬಂಧ ಹುಟ್ಟಿದ್ದು ಇಂಗ್ಲಿಷಿನಲ್ಲಿ. 1913ರ ಡಿಸೆಂಬರ್ 21ರಂದು ಆರ್ಥರ್ ವಿನ್ ಎಂಬ ಪತ್ರಕರ್ತ ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ವಜ್ರದ ಆಕಾರದ ಮೊದಲ ಪದಬಂಧ ಪ್ರಕಟಿಸಿದ. ಅಲ್ಲಿ ಒಂದು ಚೌಕಕ್ಕೆ ಒಂದು ಅಕ್ಷರ, ಇರುವುದೇ 26. ಕನ್ನಡದಲ್ಲಿ ಒಂದು ಚೌಕದಲ್ಲಿ ಕೂರುವುದು ಕಾಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿದ ಒಂದು ಪೂರ್ತಿ ಅಕ್ಷರ. ‘ಸಂಸ್ಕೃತಿ’ಗೆ ಮೂರೇ ಚೌಕ: ಸಂ, ಸ್ಕೃ, ತಿ. 34 ವ್ಯಂಜನಗಳಿಗೆ 13 ಸ್ವರ ಸೇರಿಸಿದರೇ 442 ಆಗುತ್ತದೆ. ಒತ್ತಕ್ಷರಗಳು ಆಮೇಲಿನ ಮಾತು.

ಇದರಿಂದ ಎರಡು ಪರಿಣಾಮಗಳಿವೆ. ಬಿಡಿಸುವವರಿಗೆ ಅನುಕೂಲ. ಅಡ್ಡ ಪದದಿಂದ ಒಂದು ಚೌಕ ತುಂಬಿತೆಂದರೆ ಉದ್ದ ಪದಕ್ಕೆ ದೊಡ್ಡ ಸಹಾಯ ಸಿಕ್ಕಿತು. ಮೂರು ಅಕ್ಷರದ ಪದ, ನಡುವೆ ‘ರ್ಧಾ’ ಇದೆ ಎಂದರೆ ‘ನಿರ್ಧಾರ’ ತಾನಾಗಿ ತೇಲಿ ಬರುತ್ತದೆ. ಕಟ್ಟುವವರಿಗೆ ಮಾತ್ರ ಕಷ್ಟ. ‘ನಿ’ ಇರುವಲ್ಲಿ ‘ನೀ’ ಒಪ್ಪುವುದಿಲ್ಲ, ‘ನ’ವೂ ಒಪ್ಪುವುದಿಲ್ಲ. ಈ ಕಷ್ಟವೇ ಮಕ್ಕಳಿಗೆ ಕಾಗುಣಿತ ಕಲಿಸುತ್ತದೆ. ಹ್ರಸ್ವ-ದೀರ್ಘ ತಪ್ಪಾದರೆ ನಾನು ಕೆಂಪು ಗೆರೆ ಎಳೆಯಬೇಕಿಲ್ಲ, ಅಡ್ಡ ಬರುವ ಪದವೇ ತಪ್ಪು ಹೇಳಿಬಿಡುತ್ತದೆ. ಅರ್ಕಾವೊತ್ತಂತೂ ನೋಡಬೇಕು. ‘ನಿರ್ಧಾರ’ವನ್ನು ಕೆಲವು ಮಕ್ಕಳು ನಿ, ರ್, ಧಾ, ರ ಎಂದು ನಾಲ್ಕು ಚೌಕಕ್ಕೆ ಹಂಚುತ್ತಾರೆ. ಚೌಕ ಮೂರೇ ಇದೆ ಎಂದಾಗ ನಿಂತು ಯೋಚಿಸುತ್ತಾರೆ. ಬಾಯಲ್ಲಿ ಮೊದಲು ಬರುವ ಸದ್ದು ಬರಹದಲ್ಲಿ ಹಿಂದೆ ಬಿದ್ದಿದೆ ಎಂದು ಆಗ ಗೊತ್ತಾಗುತ್ತದೆ.

ಒಂದು ದಿನ ಎಂಟನೇ ತರಗತಿಯಲ್ಲಿ ನಡೆದದ್ದನ್ನು ಹೇಳಲೇಬೇಕು. ಮಕ್ಕಳು ತಾವೇ ಪದಬಂಧ ಕಟ್ಟುತ್ತಿದ್ದರು. ಒಬ್ಬ ಹುಡುಗ ‘ಅನಿವಾರ್ಯ’ವನ್ನು ಅಡ್ಡ ಬರೆದು, ಅದರ ಕೊನೆಯ ಚೌಕಕ್ಕೆ ಬಂದು ಸೇರುವ ಉದ್ದ ಪದಕ್ಕಾಗಿ ಒದ್ದಾಡುತ್ತಿದ್ದ. ‘ರ್ಯ’ದಲ್ಲಿ ಮುಗಿಯುವ ಪದ ಬೇಕು. ‘ಸೂರ್ಯ’ವನ್ನು ಆಗಲೇ ಇನ್ನೊಂದು ಮೂಲೆಯಲ್ಲಿ ಬಳಸಿಬಿಟ್ಟಿದ್ದ. ಇಡೀ ತರಗತಿ ಸೇರಿಕೊಂಡಿತು. ಧೈರ್ಯ, ಕಾರ್ಯ, ಸೌಂದರ್ಯ, ಆಶ್ಚರ್ಯ, ಮಾಧುರ್ಯ, ಶೌರ್ಯ ಎಂದು ಕೂಗುತ್ತಾ ಹೋದರು, ನಾನು ಹಲಗೆಯ ಮೇಲೆ ಬರೆಯುತ್ತಾ ಹೋದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತಡೆದು ಹೇಳಿದಳು: ‘ಮಿಸ್, ಸುಂದರ ಇದ್ದದ್ದು ಸೌಂದರ್ಯ ಆಗಿದೆ. ಮಧುರ ಇದ್ದದ್ದು ಮಾಧುರ್ಯ ಆಗಿದೆ.’

ಅಲ್ಲಿಂದ ತರಗತಿಯ ದಿಕ್ಕೇ ಬದಲಾಯಿತು. ಶೂರ, ಶೌರ್ಯ. ಧೀರ, ಧೈರ್ಯ. ಚತುರ, ಚಾತುರ್ಯ. ಉದಾರ, ಔದಾರ್ಯ. ಗಂಭೀರ, ಗಾಂಭೀರ್ಯ. ಮೊದಲ ಅಕ್ಷರದ ಸ್ವರ ಹಿಗ್ಗುತ್ತದೆ ಎಂದು ಮಕ್ಕಳೇ ಕಂಡುಕೊಂಡರು. ಅ ಇದ್ದರೆ ಆ, ಇ-ಈ ಇದ್ದರೆ ಐ, ಉ-ಊ ಇದ್ದರೆ ಔ. ವ್ಯಾಕರಣದಲ್ಲಿ ಇದಕ್ಕೆ ವೃದ್ಧಿ ಎನ್ನುತ್ತಾರೆ, ಆ ಹೆಸರನ್ನು ನಾನು ಕೊನೆಗೆ ಹೇಳಿದೆ ಅಷ್ಟೆ. ‘ಕ್ರೂರ’ ಕೊಟ್ಟೆ, ‘ಕ್ರೌರ್ಯ’ ಎಂದರು. ಒಬ್ಬ ‘ದೂರ’ದಿಂದ ‘ದೌರ್ಯ’ ಮಾಡಿದ. ನಿಘಂಟು ತೆಗೆದು ನೋಡಿದೆವು, ಸಿಗಲಿಲ್ಲ. ಸೂರ್ಯ, ಆಶ್ಚರ್ಯ ಈ ಸಾಲಿಗೆ ಸೇರುವುದಿಲ್ಲ ಎಂದೂ ಗೊತ್ತಾಯಿತು. ‘ರ’ ಬಿಟ್ಟು ಬೇರೆ ಅಕ್ಷರಕ್ಕೂ ಇದು ನಡೆಯುತ್ತದೆಯೇ ಎಂದು ಇನ್ನೊಬ್ಬಳು ಕೇಳಿದಳು. ಚಂಚಲದಿಂದ ಚಾಂಚಲ್ಯ, ಸ್ವತಂತ್ರದಿಂದ ಸ್ವಾತಂತ್ರ್ಯ ಎಂದು ತೋರಿಸಿದೆ. ಇಂಥ ಒಂದು ಬೀಗದ ಕೈ ಸಿಕ್ಕರೆ ಹತ್ತು ಪದ ಒಟ್ಟಿಗೆ ತೆರೆದುಕೊಳ್ಳುತ್ತವೆ. ‘ಗಾಂಭೀರ್ಯ’ವನ್ನು ಮುಂದೆಂದೋ ಮೊದಲ ಬಾರಿಗೆ ಪುಸ್ತಕದಲ್ಲಿ ಕಂಡ ಮಗು ಅದರೊಳಗೆ ‘ಗಂಭೀರ’ವನ್ನು ಕಾಣುತ್ತದೆ.

ಆಮೇಲೆ ನಾನು ಇಂಥದ್ದನ್ನೇ ಹುಡುಕಿ ಆಟ ಮಾಡತೊಡಗಿದೆ. ‘ಪ್ರತಿ’ಯಿಂದ ಶುರುವಾಗುವ ಪದಗಳ ಪದಬಂಧ ಒಂದು. ಪ್ರತಿಬಿಂಬ, ಪ್ರತಿಧ್ವನಿ, ಪ್ರತಿಫಲನ, ಪ್ರತಿಕ್ರಿಯೆ. ಬಿಂಬ ಮರಳಿ ಕಂಡರೆ ಪ್ರತಿಬಿಂಬ, ಸದ್ದು ಮರಳಿ ಕೇಳಿಸಿದರೆ ಪ್ರತಿಧ್ವನಿ. ವಿಜ್ಞಾನದ ಪಾಠದಲ್ಲಿ ಗಟ್ಟುಹೊಡೆಯುತ್ತಿದ್ದ ಪದಗಳು ತಟ್ಟನೆ ಮಾತಾಡತೊಡಗುತ್ತವೆ. ಯಾರಾದರೂ ‘ಪ್ರತಿದಿನ’ ಎನ್ನುತ್ತಾರೆ. ಒಳ್ಳೆಯದೇ. ಇಲ್ಲಿ ‘ಮರಳಿ’ ಎಂಬ ಅರ್ಥ ಕೂರುವುದಿಲ್ಲ, ‘ಒಂದೊಂದೂ’ ಎಂಬ ಅರ್ಥ ಇದೆ ಎಂದು ಅವರೇ ಬೇರೆ ಮಾಡಲಿ.

ಸುಳಿವು ಚೆನ್ನಾಗಿದ್ದರೆ ಅರ್ಧ ಕೆಲಸ ಆದಂತೆ

ಪದಬಂಧದ ಬೆಲೆ ಇರುವುದು ಸುಳಿವಿನಲ್ಲಿ. ಚೌಕಗಳನ್ನು ಯಾರು ಬೇಕಾದರೂ ಎಳೆಯಬಹುದು. ಸುಳಿವು ಬರೆಯಲು ಮಾತ್ರ ಕೂತು ಯೋಚಿಸಬೇಕು.

‘ಅನಿವಾರ್ಯ’ಕ್ಕೆ ‘ತಪ್ಪಿಸಲಾಗದ್ದು’ ಎಂದು ಕೊಡಬಹುದು. ತಪ್ಪೇನಿಲ್ಲ, ಆದರೆ ಅದು ನಿಘಂಟಿನ ಸಾಲು. ‘ಮಳೆ ನಿಲ್ಲಲಿಲ್ಲ, ಬಸ್ಸು ಬರಲಿಲ್ಲ, ನೆನೆದುಕೊಂಡು ನಡೆಯುವುದು ಹೀಗಾಯಿತು’ ಎಂದು ಕೊಟ್ಟರೆ ಮಗು ಆ ಜಾಗದಲ್ಲಿ ನಿಂತು ಪದ ಹುಡುಕುತ್ತದೆ. ಇನ್ನೊಂದು ವಾರ ‘ಬೇಕಾದರೆ ಮಾಡು, ಬೇಡವಾದರೆ ಬಿಡು ಎನ್ನುವುದಕ್ಕೆ ವಿರುದ್ಧ’ ಎಂದು ಕೊಡಬಹುದು. ಒಂದೇ ಪದ, ಮೂರು ವಾರ, ಮೂರು ಬಾಗಿಲು. ಹನ್ನೆರಡು ಭೇಟಿಯ ಲೆಕ್ಕದಲ್ಲಿ ಮೂರು ಹೀಗೆ ಸಿಕ್ಕವು.

ಸುಳಿವು ಉತ್ತರಕ್ಕಿಂತ ಕಷ್ಟವಾಗಬಾರದು. ‘ಹಿಂಜರಿ’ಗೆ ‘ಸಂಕೋಚದಿಂದ ವಿಮುಖನಾಗು’ ಎಂದು ಬರೆದರೆ ಒಂದು ಕಷ್ಟದ ಬದಲು ಎರಡು ಕಷ್ಟ. ‘ಉತ್ತರ ಗೊತ್ತಿದ್ದರೂ ಕೈ ಎತ್ತಲು ಹೀಗೆ ಮಾಡಬೇಡ’ ಎನ್ನಿ, ತರಗತಿಯ ಅರ್ಧ ಮಕ್ಕಳು ತಮ್ಮನ್ನೇ ಅದರಲ್ಲಿ ಕಾಣುತ್ತಾರೆ. ಊರು, ನದಿ, ರಾಜರ ಹೆಸರುಗಳನ್ನು ತುಂಬುವ ಪದಬಂಧಗಳೂ ಇವೆ. ಅವು ಸಾಮಾನ್ಯ ಜ್ಞಾನಕ್ಕೆ ಒಳ್ಳೆಯವು. ಪದ ಸಂಪತ್ತಿಗೆ ಅವುಗಳಿಂದ ಹೆಚ್ಚು ಸಿಗುವುದಿಲ್ಲ.

ನನಗೆ ತುಂಬಾ ಇಷ್ಟವಾದ ಸುಳಿವುಗಳು ಎರಡು ಅರ್ಥದವು. ‘ಪೆನ್ ಹಿಡಿದು ಮಾಡುವ ಕೆಲಸ, ಕಾದ ಕಬ್ಬಿಣ ಬಿಡುವ ಗುರುತು’, ಉತ್ತರ ಬರೆ. ‘ಮಳೆ ಜಾಸ್ತಿಯಾದರೆ ಬರುವುದು, ಹೊರೆಯ ಜೊತೆಗಾರ’, ಉತ್ತರ ನೆರೆ. ‘ಮೂವತ್ತು ದಿನ, ಬಾನಿನ ಬೆಳಕು’, ಉತ್ತರ ತಿಂಗಳು. ಕೊನೆಯದನ್ನು ಬಿಡಿಸಿದ ಮೇಲೆ, ಚಂದ್ರನಿಗೂ ಮೂವತ್ತು ದಿನಕ್ಕೂ ಒಂದೇ ಹೆಸರು ಏಕೆ ಎಂದು ಯಾರಾದರೂ ಕೇಳುತ್ತಾರೆ. ಹುಣ್ಣಿಮೆಯಿಂದ ಹುಣ್ಣಿಮೆಗೆ ದಿನ ಎಣಿಸಿ ನೋಡು ಎಂದು ಹೇಳಿ ಕಳಿಸುತ್ತೇನೆ. ಒಂದು ಪದಕ್ಕೆ ಒಂದೇ ಅರ್ಥ ಎಂಬ ನಂಬಿಕೆ ಈ ವಯಸ್ಸಿನಲ್ಲಿ ಸಡಿಲವಾಗಬೇಕು. ಪದ್ಯ ಓದುವಾಗ ಇದು ಕೈ ಹಿಡಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಲಿಯುವುದು ಮಕ್ಕಳು ತಾವೇ ಸುಳಿವು ಬರೆದಾಗ. ಬಿಡಿಸುವವನಿಗೆ ಅಂದಾಜು ಸಾಕು, ಬರೆಯುವವನಿಗೆ ಪದದ ಅಂಚು ಎಲ್ಲಿದೆ ಎಂದು ಗೊತ್ತಿರಬೇಕು. ‘ನಿರ್ಲಕ್ಷಿಸು’ ಪದಕ್ಕೆ ಒಂದು ಗುಂಪು ‘ಮರೆತುಬಿಡು’ ಎಂದು ಸುಳಿವು ಬರೆದಿತ್ತು. ಬಿಡಿಸಬೇಕಾದ ಗುಂಪು ಜಗಳಕ್ಕೆ ಬಂತು. ‘ಮರೆಯೋದು ಬೇಕಂತ ಮಾಡೋದಲ್ಲ. ನಿರ್ಲಕ್ಷಿಸೋದು ಗೊತ್ತಿದ್ದೂ ಮಾಡೋದು.’ ಇದಕ್ಕಿಂತ ಒಳ್ಳೆಯ ಪಾಠವನ್ನು ಆ ಪದದ ಮೇಲೆ ನನ್ನಿಂದ ಮಾಡಲು ಆಗುತ್ತಿರಲಿಲ್ಲ. ಹಾಗಾಗಿ ಆಟ ಮುಗಿದ ಮೇಲಿನ ಹತ್ತು ನಿಮಿಷವನ್ನು ನಾನು ಯಾವತ್ತೂ ಬಿಟ್ಟುಕೊಡುವುದಿಲ್ಲ. ಉತ್ತರ ಓದಿ ಹಾಳೆ ಮಡಚಿಟ್ಟರೆ, ಬೆಳೆದ ಪೈರನ್ನು ಕೊಯ್ಯದೆ ಬಿಟ್ಟು ಬಂದ ಹಾಗೆ.

ಉಳಿದ ಆಟಗಳ ಬಗ್ಗೆ

ಪದ ಹುಡುಕಾಟವನ್ನು ಪೂರ್ತಿ ಬಿಟ್ಟುಬಿಡಬೇಕೆಂದಿಲ್ಲ. ಪಟ್ಟಿಯಲ್ಲಿ ಪದಗಳ ಬದಲು ಅರ್ಥಗಳನ್ನು ಕೊಡಿ. ಯಾವ ಪದ ಹುಡುಕಬೇಕು ಎಂದು ಮಗು ಮೊದಲು ಯೋಚಿಸಬೇಕಾಗುತ್ತದೆ. ಇಷ್ಟು ಸಣ್ಣ ಬದಲಾವಣೆಯಿಂದ ಅದು ಬೇರೆಯೇ ಆಟವಾಗುತ್ತದೆ.

ಪದ ಏಣಿ ಇನ್ನೊಂದು. ಒಂದು ಸಲಕ್ಕೆ ಒಂದೇ ಅಕ್ಷರ ಬದಲಿಸುತ್ತಾ ಒಂದು ಪದದಿಂದ ಇನ್ನೊಂದಕ್ಕೆ ಹೋಗಬೇಕು, ನಡುವಿನ ಪ್ರತಿ ಮೆಟ್ಟಿಲೂ ನಿಜವಾದ ಪದವಾಗಿರಬೇಕು. ಲೂಯಿಸ್ ಕ್ಯಾರಲ್ ಇದನ್ನು ಇಂಗ್ಲಿಷಿನಲ್ಲಿ ಹುಟ್ಟುಹಾಕಿ 1879ರಲ್ಲಿ ಪತ್ರಿಕೆಯೊಂದರಲ್ಲಿ ನಡೆಸಿದ್ದ. ಕನ್ನಡದಲ್ಲಿ ಕಾಡಿನಿಂದ ಸಾಲಿಗೆ ಹೋಗಿ ನೋಡಿ: ಕಾಡು, ಹಾಡು, ಹಾಲು, ಸಾಲು. ಇದಕ್ಕಿಂತ ಹತ್ತಿರದ ದಾರಿ ಇದೆಯೇ ಎಂದರೆ ಯಾರಾದರೂ ‘ಕಾಡು, ಕಾಲು, ಸಾಲು’ ಎಂದು ಕೂಗುತ್ತಾರೆ. ಅಕ್ಷರ ಪಲ್ಲಟವೂ ಹೀಗೆಯೇ: ಸರ ತಿರುಗಿದರೆ ರಸ, ಗಜ ತಿರುಗಿದರೆ ಜಗ, ವನ ತಿರುಗಿದರೆ ನವ. ‘ಕುಬೇರನಿಗೇನಿರಬೇಕು’ ಎಂಬುದನ್ನು ಹಿಂದಿನಿಂದ ಓದಿಸಿದರೆ ಮಕ್ಕಳ ಮುಖ ಅರಳುತ್ತದೆ. ಈ ಆಟಗಳಿಂದ ಹೊಸ ಅರ್ಥ ಹೆಚ್ಚು ಬರುವುದಿಲ್ಲ. ಓದಿನಲ್ಲಿ ತಡವರಿಸುವ ಮಗುವಿಗೆ ಅಕ್ಷರಗಳ ಭಯ ಮಾತ್ರ ಹೋಗುತ್ತದೆ. ಅದಕ್ಕೂ ಬೆಲೆ ಇದೆ.

ಗುಂಪಿಗೆ ಸೇರದ ಪದ ಹುಡುಕುವ ಆಟವನ್ನು ಒಂದೇ ಉತ್ತರ ಬರದಂತೆ ಕೊಟ್ಟು ನೋಡಿ. ಗಾಳಿ, ನೀರು, ಬೆಳಕು, ಮಣ್ಣು. ಗಾಳಿ ಕಣ್ಣಿಗೆ ಕಾಣುವುದಿಲ್ಲ ಎಂದು ಒಬ್ಬ, ಬೆಳಕಿಗೆ ತೂಕವಿಲ್ಲ ಎಂದು ಇನ್ನೊಬ್ಬಳು. ವಾದ ಮಾಡಲು ಪದ ಬೇಕು, ಬೇಕಾದ ಪದ ತಾನಾಗಿ ಬಾಯಿಗೆ ಬರುತ್ತದೆ.

ಅಕ್ಷರದ ಬಿಲ್ಲೆಗಳನ್ನು ಹಲಗೆಯ ಮೇಲೆ ಜೋಡಿಸಿ ಪದ ಮಾಡುವ ಸ್ಕ್ರ್ಯಾಬಲ್, 2021ರಿಂದ ಮನೆಮಾತಾದ ವರ್ಡಲ್ ಬಗ್ಗೆ ಪೋಷಕರು ಕೇಳುತ್ತಾರೆ. ಐದು ಅಕ್ಷರದ ಪದವನ್ನು ಆರು ಅವಕಾಶದಲ್ಲಿ ಊಹಿಸುವ ವರ್ಡಲ್ ಇಂಗ್ಲಿಷ್ ಸ್ಪೆಲಿಂಗಿಗೆ ಒಳ್ಳೆಯದು. ಆದರೆ ಎರಡರಲ್ಲೂ ಅರ್ಥ ಗೊತ್ತಿಲ್ಲದೆ ಗೆಲ್ಲಬಹುದು. ಇದಕ್ಕೆ ದೊಡ್ಡ ಸಾಕ್ಷಿ ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್. 2015ರಲ್ಲಿ ಅವರು ಫ್ರೆಂಚ್ ಭಾಷೆಯ ಸ್ಕ್ರ್ಯಾಬಲ್ ವಿಶ್ವ ಚಾಂಪಿಯನ್ ಆದರು. ಅವರಿಗೆ ಫ್ರೆಂಚ್ ಮಾತಾಡಲು ಬರುತ್ತಿರಲಿಲ್ಲ. ಕೆಲವು ವಾರ ಕೂತು ಫ್ರೆಂಚ್ ಪದಪಟ್ಟಿಯನ್ನು ತಲೆಗೆ ತುಂಬಿಕೊಂಡಿದ್ದರು, ಅಷ್ಟೆ. ಅದೊಂದು ಅದ್ಭುತ ನೆನಪಿನ ಶಕ್ತಿ, ನನಗೆ ಅವರ ಬಗ್ಗೆ ಗೌರವವಿದೆ. ಮಕ್ಕಳಿಗೆ ಬೇಕಾದ್ದು ಮಾತ್ರ ಬೇರೆ. ಮನೆಯಲ್ಲಿ ಆಡುವುದಾದರೆ ಒಂದು ನಿಯಮ ಸೇರಿಸಿ: ಪದ ಇಟ್ಟವರು ಅದನ್ನು ಬಳಸಿ ಒಂದು ವಾಕ್ಯ ಹೇಳಬೇಕು. ಹೇಳಿದರೆ ಮಾತ್ರ ಅಂಕ.

ಶುರು ಮಾಡುವವರಿಗೆ

ಕಂಪ್ಯೂಟರಿನಲ್ಲಿ ಪದಬಂಧ ಮಾಡಲು ಹೊರಟರೆ ಒಂದು ತೊಂದರೆ ಎದುರಾಗಬಹುದು. ಕಂಪ್ಯೂಟರಿನ ಮಟ್ಟಿಗೆ ‘ನಿ’ ಎಂಬುದು ‘ನ’ ಮತ್ತು ಗುಡಿಸು ಎಂಬ ಎರಡು ತುಂಡು. ‘ರ್ಯ’ ಮೂರು ತುಂಡು. ಇಂಗ್ಲಿಷಿಗಾಗಿ ಮಾಡಿದ ತಂತ್ರಾಂಶ ಇವನ್ನು ಬೇರೆ ಬೇರೆ ಚೌಕಕ್ಕೆ ಹಾಕಿಬಿಡುತ್ತದೆ. ಅಂಥದ್ದನ್ನು ಮಕ್ಕಳ ಕೈಗೆ ಕೊಡಬೇಡಿ. ಲೆಕ್ಕದ ಚೌಕುಳಿ ಪುಸ್ತಕದ ಹಾಳೆ, ಪೆನ್ಸಿಲ್, ರಬ್ಬರ್ ಸಾಕು. ‘ಬಸ್’ ಥರದ ಪದದ ಕೊನೆಯ ‘ಸ್’ಗೆ ಬೇರೆ ಚೌಕವೇ ಎಂಬುದನ್ನು ಮೊದಲೇ ಎಲ್ಲರೂ ಸೇರಿ ತೀರ್ಮಾನಿಸಿ, ನಡುವೆ ಜಗಳ ಬೇಡ.

ಒಂದು ಪದಬಂಧಕ್ಕೆ ಎಂಟು-ಹತ್ತು ಪದ ಸಾಕು. ಅದರಲ್ಲಿ ಐದಾರು ಈ ವಾರದವು, ಮೂರು-ನಾಲ್ಕು ಹಿಂದಿನ ತಿಂಗಳವು. ಹಳೆಯವನ್ನು ಸೇರಿಸುವುದನ್ನು ಮರೆಯಬೇಡಿ, ನೆನಪು ಗಟ್ಟಿಯಾಗುವುದು ಅಲ್ಲೇ. ಇಬ್ಬಿಬ್ಬರನ್ನು ಕೂರಿಸಿದರೆ ಮಾತು ಹುಟ್ಟುತ್ತದೆ, ಒಬ್ಬರೇ ಕೂತರೆ ಮೌನ. ಯಾರು ಬೇಗ ಮುಗಿಸಿದರು ಎಂಬ ಸ್ಪರ್ಧೆ ಇಡಬೇಡಿ. ನಿಧಾನ ಓದುವ ಮಗು ಅದರಲ್ಲಿ ಪ್ರತಿ ಸಲವೂ ಸೋಲುತ್ತದೆ, ಕೊನೆಗೆ ಪದಗಳ ಮೇಲೇ ಮುನಿಸಿಕೊಳ್ಳುತ್ತದೆ. ಅಂಥ ಮಗುವಿಗೆ ಅದೇ ಸುಳಿವುಗಳನ್ನು ಕೊಟ್ಟು, ಚೌಕದಲ್ಲಿ ಇನ್ನೂ ಒಂದೆರಡು ಅಕ್ಷರ ತುಂಬಿ ಕೊಡಿ. ಉಳಿದ ಅಕ್ಷರಗಳನ್ನು ಅದು ತಾನೇ ತರಬೇಕು, ಅದನ್ನು ಮಾತ್ರ ಕಸಿದುಕೊಳ್ಳಬೇಡಿ. ಅಂಕ ಹಾಕುವ ಆಸೆಯನ್ನೂ ಬಿಡಿ.

ಫಲ ಸಿಕ್ಕಿತೇ ಎಂದು ನೋಡಲು ನಾನು ಮಾಡುವುದು ಇಷ್ಟು. ಎರಡು ವಾರ ಬಿಟ್ಟು, ಏನೂ ಹೇಳದೆ, ಒಂದು ಚಿತ್ರ ತೋರಿಸಿ ಐದು ಸಾಲು ಬರೆಯಿರಿ ಎನ್ನುತ್ತೇನೆ. ಪದಗಳ ಪಟ್ಟಿ ಕೊಡುವುದಿಲ್ಲ. ಆಮೇಲೆ ಹಾಳೆಗಳನ್ನು ತಿರುವಿ ನೋಡುತ್ತೇನೆ. ಕಳೆದ ಸಲದ ಚಿತ್ರದಲ್ಲಿ ಒಬ್ಬ ಹುಡುಗ ಹೊಳೆಯ ದಡದಲ್ಲಿ ನಿಂತಿದ್ದ. ಮೂವತ್ತೆರಡು ಹಾಳೆಗಳಲ್ಲಿ ಒಂಬತ್ತರಲ್ಲಿ ಅವನು ನೀರಿಗಿಳಿಯಲು ಹಿಂಜರಿದಿದ್ದ. ಒಂದರಲ್ಲಿ, ದಾಟುವುದು ಅನಿವಾರ್ಯವಾಗಿತ್ತು.